ಶನಿವಾರ ಮಡಿ, ಭಾನುವಾರ ಬೆಟ್ಟ: ಎರಡಕ್ಕೂ ಅಳತೆ ಮೊದಲು

ಮಣ್ಣು ತರಿಸುವ ಮೊದಲು ಟೇಪು ಹಿಡಿಯಿರಿ, ಬೆಟ್ಟಕ್ಕೆ ಹೊರಡುವ ಮೊದಲು ಗಂಟೆ ಲೆಕ್ಕ ಹಾಕಿ. ಹಿತ್ತಲಲ್ಲಿ ತರಕಾರಿಗೆ ಒಂದು ಏರುಮಡಿ (ಸುತ್ತ ಬ್ಲಾಕೋ ಕಲ್ಲೋ ಇಟ್ಟು, ನೆಲಕ್ಕಿಂತ ಎತ್ತರಕ್ಕೆ ಮಣ್ಣು ತುಂಬಿದ ಪಾತಿ) ಕಟ್ಟಬೇಕು, ರಜೆ ದಿನ ಯಾವುದಾದರೂ ಬೆಟ್ಟ ಹತ್ತಿ ಸಂಜೆಗೆ ಮನೆ ಸೇರಬೇಕು ಅಂತ ಆಸೆ ಪಡುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇಷ್ಟೇ. ಎರಡೂ ಕೆಡುವುದು ಬಹುಪಾಲು ಅಳತೆ ಇಲ್ಲದೆ ಶುರು ಮಾಡಿದ್ದಕ್ಕೆ. ದುಡ್ಡು ಕಡಿಮೆ ಬಿತ್ತು, ಮೈಯಲ್ಲಿ ಶಕ್ತಿ ಇಲ್ಲ ಅನ್ನುವುದೆಲ್ಲ ಆಮೇಲಿನ ಮಾತು.

ಇಲ್ಲಿ ಹೇಳುವುದೆಲ್ಲ ಬೆಂಗಳೂರು, ತುಮಕೂರು, ರಾಮನಗರ, ಚಿಕ್ಕಬಳ್ಳಾಪುರದ ಸುತ್ತಮುತ್ತ ಇರುವವರಿಗೆ ಸರಿಹೋಗುತ್ತದೆ. ನಮ್ಮ ಕಡೆ ಸೆಪ್ಟೆಂಬರ್–ಅಕ್ಟೋಬರ್ ಮಳೆ ಜೋರು. ಅದು ಇಳಿಯುವ ಹೊತ್ತಿಗೆ ನೆಲ ಮೆತ್ತಗಿರುತ್ತದೆ, ಗುದ್ದಲಿ ಸಲೀಸಾಗಿ ಇಳಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸೊಪ್ಪಿಗೂ ಒಳ್ಳೆ ಕಾಲ, ಬೆಟ್ಟಕ್ಕೂ ಒಳ್ಳೆ ಕಾಲ. ಆದ್ದರಿಂದ ಅಕ್ಟೋಬರ್ ಕೊನೆಯ ಒಳಗೆ ಮಡಿ ಕಟ್ಟಿ ಮುಗಿಸಿಕೊಳ್ಳಿ. ಒಂದೇ ಒಂದು ಎಚ್ಚರಿಕೆ: ಮಣ್ಣು ಹೊತ್ತ ಮಾರನೇ ದಿನವೇ ಬೆಟ್ಟ ಇಟ್ಟುಕೊಳ್ಳಬೇಡಿ. ಸೊಂಟ ಮಾತಾಡುತ್ತದೆ. ಮಡಿ ಕಟ್ಟುವ ವಾರ ಬರೀ ಮಡಿ. ಆಮೇಲೆ ಶನಿವಾರ ಬೆಳಗ್ಗೆ ಒಂದು ಗಂಟೆ ಕಳೆ, ನೀರು, ಗೊಬ್ಬರ ನೋಡಿಕೊಂಡರೆ ಭಾನುವಾರ ನಿಮ್ಮದೇ.

ಮಡಿ ಎಲ್ಲಿ?

ತರಕಾರಿಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಬರೀ ಸೊಪ್ಪಾದರೆ ಮೂರು–ನಾಲ್ಕು ಗಂಟೆಯಲ್ಲೂ ನಡೆಯುತ್ತದೆ. ಒಂದು ರಜೆ ದಿನ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ನಾಲ್ಕಕ್ಕೆ ಹಿತ್ತಲಿಗೆ ಹೋಗಿ ನೆರಳು ಎಲ್ಲಿದೆ ಅಂತ ನೋಡಿ, ಅಷ್ಟು ಸಾಕು. ಪಕ್ಕದ ಮನೆ ಮೂರು ಮಹಡಿ ಎದ್ದಿದ್ದರೆ ಟೊಮೆಟೊ ಆಸೆ ಬಿಟ್ಟು ಮೆಂತ್ಯ, ಪಾಲಕ್ ಕಡೆ ತಿರುಗಿ.

ಸಂಪಿನ ಪಕ್ಕ ಬೇಡ. ಮಳೆ ಬಂದಾಗ ಗೊಬ್ಬರದ ನೀರು ಮುಚ್ಚಳದ ಸಂದಿಯಿಂದ ಒಳಗೆ ಇಳಿಯುತ್ತದೆ, ಆ ನೀರನ್ನೇ ನೀವು ಮನೆಗೆ ಬಳಸುವುದು. ಮನೆ ಗೋಡೆಗೆ ಒತ್ತಿ ಮಣ್ಣು ಹಾಕುವುದೂ ಬೇಡ, ಒಳಗಡೆ ಥಂಡಿ ಹಿಡಿದು ಬಣ್ಣ ಕಿತ್ತು ಬರುತ್ತದೆ. ಗೋಡೆಯಿಂದ ಎರಡು ಅಡಿ ಬಿಡಿ. ಆ ಎರಡು ಅಡಿ ನಿಮಗೆ ಬಕೆಟ್ ಹಿಡಿದು ಓಡಾಡಲೂ ಬೇಕು.

ತಾರಸಿ ಮೇಲೆ ಕಟ್ಟಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ನೋಡಿ. ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನದಂಡ ಐಎಸ್ 875ರಲ್ಲಿ ಹಿಡಿದಿರುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಒಂದು ಅಡಿ ಆಳದ ಒದ್ದೆ ಮಣ್ಣು ಅದೇ ಚದರ ಮೀಟರಿನಲ್ಲಿ 500 ಕೆಜಿ ಆಸುಪಾಸು ತೂಗುತ್ತದೆ, ಅಂದರೆ ಮೂರು ಪಟ್ಟಿಗೂ ಜಾಸ್ತಿ, ಇದರ ಮೇಲೆ ಬ್ಲಾಕಿನ ತೂಕ ಬೇರೆ. ಇಂಜಿನಿಯರ್ ಬಂದು ನೋಡಿ ಸರಿ ಅನ್ನದೆ ತಾರಸಿ ಮೇಲೆ ಬ್ಲಾಕ್ ಇಟ್ಟು ಮಡಿ ಕಟ್ಟಬೇಡಿ. ಅಲ್ಲಿಗೆ ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಚೀಲ ಇದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ, ಮಣ್ಣು ಕಡಿಮೆ ಹಾಕಿ, ಚೀಲಗಳನ್ನು ಅಲ್ಲಲ್ಲಿ ಬಿಡಿಬಿಡಿಯಾಗಿ, ತೊಲೆ ಹಾದು ಹೋಗಿರುವ ಕಡೆ ಇಡಿ.

ಬ್ಲಾಕ್ ಇಡುವುದು

ಮರದ ಹಲಗೆ ನೋಡಲು ಚೆಂದ, ಆದರೆ ನಮ್ಮ ಗೆದ್ದಲಿಗೆ ಅದು ಹಬ್ಬದೂಟ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಚಪ್ಪಡಿ ಕಲ್ಲು ಸುಲಭವಾಗಿ ಸಿಗುತ್ತದೆ, ಅದನ್ನು ನಿಲ್ಲಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಕರಾವಳಿಯವರಿಗೆ ಕೆಂಪುಕಲ್ಲು ಇದ್ದೇ ಇದೆ. ಉಳಿದವರಿಗೆ ನಾನು ಹೇಳುವುದು ನಾಲ್ಕು ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್. ಉದ್ದ 16 ಇಂಚು, ಎತ್ತರ 8, ದಪ್ಪ 4. ಯಾವ ಊರಿನ ಬ್ಲಾಕ್ ಅಂಗಡಿಯಲ್ಲೂ ಸಿಗುತ್ತದೆ. ಎಲ್ಲೋ ಮನೆ ಕೆಲಸ ಮುಗಿದ ಕಡೆ ಉಳಿದಿದ್ದರೆ ಇನ್ನೂ ಒಳ್ಳೇದು.

ಇಂಥವು 18 ಬೇಕು. ಉದ್ದದ ಎರಡು ಬದಿಗೆ ಆರಾರು, ಅಡ್ಡ ಬದಿಗೆ ಮೂರ್ಮೂರು. ಅಡ್ಡ ಸಾಲು ಉದ್ದ ಸಾಲಿನ ತುದಿಗಳನ್ನು ಹೊರಗಿನಿಂದ ಮುಚ್ಚುವಂತೆ ಇಟ್ಟರೆ ಒಂದು ಬ್ಲಾಕನ್ನೂ ಒಡೆಯಬೇಕಿಲ್ಲ. ಒಳಗೆ ಎಂಟು ಅಡಿ ಉದ್ದ, 40 ಇಂಚು ಅಗಲದ ಜಾಗ ಸಿಗುತ್ತದೆ. ಅಗಲ ಇದಕ್ಕಿಂತ ಜಾಸ್ತಿ ಮಾಡುವ ಆಸೆ ಬೇಡ. ಎರಡೂ ಕಡೆಯಿಂದ ಕೂತು ಕೈ ಚಾಚಿದರೆ ನಡುವೆ ಮುಟ್ಟಬೇಕು, ಮಡಿಯೊಳಗೆ ಕಾಲಿಡುವ ಪ್ರಮೇಯವೇ ಬರಬಾರದು. ಏರುಮಡಿಯ ಲಾಭ ಇರುವುದೇ ತುಳಿಯದ ಮಣ್ಣಿನಲ್ಲಿ. ಒಂದೇ ಬದಿಯಿಂದ ಕೈ ಹಾಕುವ ಜಾಗವಾದರೆ ಅಗಲ ಎರಡು ಅಡಿಗೆ ನಿಲ್ಲಿಸಿ.

ಮೊದಲು ನಾಲ್ಕು ಗೂಟ ನೆಟ್ಟು ದಾರ ಕಟ್ಟಿ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಸಲ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಮೂಲೆಗಳು ನೇರ ಇವೆ ಅಂತ ಅರ್ಥ. ಆ ದಾರದ ಕೆಳಗೆ ಎರಡು ಇಂಚು ಆಳದ ಚಿಕ್ಕ ಕಾಲುವೆ ತೆಗೆದು, ತಳಕ್ಕೆ ಒಂದಿಷ್ಟು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಉದುರಿಸಿ, ಬ್ಲಾಕನ್ನು ಅದರಲ್ಲಿ ಕೂರಿಸಿ. ಗಾರೆ ಬೇಕಾಗಿಲ್ಲ. ಒಂದೊಂದು ಬ್ಲಾಕ್ 15 ಕೆಜಿಗೂ ಜಾಸ್ತಿ ತೂಗುತ್ತದೆ, ತನ್ನ ಭಾರಕ್ಕೇ ನಿಲ್ಲುತ್ತದೆ. ಎತ್ತುವಾಗ ಮಂಡಿ ಬಗ್ಗಿಸಿ, ಬೆನ್ನು ಬಗ್ಗಿಸಬೇಡಿ.

ಒಳಗಿನ ನೆಲವನ್ನು ಹಾಗೇ ಬಿಡಬಾರದು, ಇದನ್ನು ತುಂಬಾ ಜನ ಮಾಡುವುದಿಲ್ಲ. ಆರು ಇಂಚು ಆಳಕ್ಕೆ ಗುದ್ದಲಿಯಿಂದ ಸಡಿಲ ಮಾಡಿ. ಮನೆ ಕಟ್ಟಿದಾಗ ಹೂತುಹೋದ ಜಲ್ಲಿ, ಟೈಲ್ಸ್ ಚೂರು, ತಂತಿ ಎಲ್ಲ ಆರಿಸಿ. ಬ್ಲಾಕ್ ನೆಲದ ಮೇಲೆ ಆರು ಇಂಚು ಇದೆ, ಕೆಳಗೆ ಸಡಿಲ ಮಣ್ಣು ಆರು ಇಂಚು, ಬೇರಿಗೆ ಒಟ್ಟು ಒಂದು ಅಡಿ ಸಿಕ್ಕಿತು. ಮೂಲಂಗಿಗೂ ಸಾಕು. ಗರಿಕೆ, ಜೇಕು ಜಾಸ್ತಿ ಇರುವ ಜಾಗವಾದರೆ ಬೇರು, ಗೆಡ್ಡೆ ಆರಿಸಿ ತೆಗೆದ ಮೇಲೆ ರಟ್ಟಿನ ಡಬ್ಬ ಬಿಚ್ಚಿ, ಟೇಪು ಕಿತ್ತು, ಒಂದರ ಮೇಲೊಂದು ಬರುವಂತೆ ಹಾಸಿ ನೀರು ಹಾಕಿ. ಪ್ಲಾಸ್ಟಿಕ್ ಹಾಳೆ ಹಾಸಬೇಡಿ. ನೀರು ಕೆಳಗೆ ಇಳಿಯದೆ ಬೇರು ಕೊಳೆಯುತ್ತದೆ.

ಮಣ್ಣು ಕಲಸುವುದು

ಈ ಮಡಿ ತುಂಬಲು ಲೆಕ್ಕಕ್ಕೆ ಸುಮಾರು 380 ಲೀಟರ್ ಮಿಶ್ರಣ ಬೇಕು. ಆದರೆ ಮೊದಲ ಎರಡು ಮಳೆಗೇ ಅದು ಕುಸಿಯುತ್ತದೆ, ಅದಕ್ಕೆ 450 ಲೀಟರ್ ಅಂತ ಇಟ್ಟುಕೊಳ್ಳಿ. ಎರಡು ಬಾಂಡ್ಲಿ ಕೆಂಪು ಮಣ್ಣಿಗೆ ಒಂದು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ ಅಥವಾ ಮನೆಯ ಕಾಂಪೋಸ್ಟ್, ಒಂದು ಬಾಂಡ್ಲಿ ನೆನೆಸಿದ ಕೋಕೋಪೀಟ್. ಐದು ಕೆಜಿಯ ಒಂದು ಕೋಕೋಪೀಟ್ ಇಟ್ಟಿಗೆ ನೆನೆದರೆ 70 ಲೀಟರ್ ಆಸುಪಾಸು ಆಗುತ್ತದೆ, ಎರಡು ಇಟ್ಟಿಗೆ ತಂದರೆ ಮಿಗುತ್ತದೆ. ನೆನೆಸಿದ ಮೊದಲ ನೀರನ್ನು ಹಿಂಡಿ ಚೆಲ್ಲಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಕೊನೆಗೆ ಒಂದು ಕೆಜಿ ಬೇವಿನ ಹಿಂಡಿ ಉದುರಿಸಿ ಕಲಸಿ.

ಗೊಬ್ಬರದ ವಿಷಯದಲ್ಲಿ ಮಾತ್ರ ಅವಸರ ಬೇಡ. ಹಸಿ ಸಗಣಿ ತಂದು ಸುರಿದರೆ ಅದು ಮಡಿಯೊಳಗೇ ಕಾವು ಏರಿ ಸಸಿ ಸುಟ್ಟುಹೋಗುತ್ತದೆ, ಜೊತೆಗೆ ಗೊಣ್ಣೆ ಹುಳುವೂ ಬರುತ್ತದೆ. ಒಳ್ಳೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ ಇರುತ್ತದೆ. ಮೂಗಿಗೆ ಹಿಡಿದರೆ ಮಳೆ ಬಿದ್ದ ನೆಲದ ವಾಸನೆ ಬರಬೇಕು, ಕೊಟ್ಟಿಗೆ ವಾಸನೆ ಬಂದರೆ ಇನ್ನೂ ಆಗಿಲ್ಲ.

ಎಲ್ಲ ಕಲಸಿದ ಮೇಲೆ ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ. ಉಂಡೆ ಆಗಬೇಕು. ಆ ಉಂಡೆಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಡೆದು ಉದುರಬೇಕು. ಉಂಡೆಯೇ ಆಗಲಿಲ್ಲ ಅಂದರೆ ಇನ್ನಷ್ಟು ಗೊಬ್ಬರ ಹಾಕಿ. ಒತ್ತಿದರೂ ಒಡೆಯದೆ ಬೆರಳಚ್ಚು ಮಾತ್ರ ಮೂಡಿದರೆ ಜೇಡಿ ಜಾಸ್ತಿ ಆಯಿತು, ಕೋಕೋಪೀಟ್ ಇಲ್ಲವೇ ಭತ್ತದ ಹೊಟ್ಟು ಸೇರಿಸಿ. ಈ ಒಂದು ಪರೀಕ್ಷೆ ಸಾಕು, ಅಂಗಡಿಯವರು ಹೇಳುವ ಹತ್ತು ಬಗೆಯ ಪುಡಿ ಬೇಡ.

ತುಂಬಿ, ನಡುವೆ ಸ್ವಲ್ಪ ಉಬ್ಬಾಗಿ ಬಿಟ್ಟು, ನೀರು ಹಾಕಿ ಒಂದು ವಾರ ಸುಮ್ನೆ ಬಿಡಿ. ಕಳೆ ಬೀಜಗಳು ಮೊಳೆತು ತಲೆ ಎತ್ತುತ್ತವೆ. ಅವನ್ನು ಕಿತ್ತು ಆಮೇಲೆ ಬಿತ್ತಿ.

ಏನು ಹಾಕಬೇಕು?

ಮೊದಲ ಸಲಕ್ಕೆ ಸೊಪ್ಪು. ಮೆಂತ್ಯ ಮೂರು–ನಾಲ್ಕು ವಾರಕ್ಕೆ ಕೈಗೆ ಬರುತ್ತದೆ, ಮನೆಯವರೆಲ್ಲ ಅದನ್ನು ನೋಡಿ ನಿಮ್ಮ ಕೆಲಸ ನಂಬುತ್ತಾರೆ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕ’ ತಳಿಗಳು ನಮ್ಮ ಹವೆಗೆ ಚೆನ್ನಾಗಿ ಹೊಂದುತ್ತವೆ. ಅರ್ಕ ಸುಗುಣ ಅನ್ನುವ ದಂಟನ್ನು ಮತ್ತೆ ಮತ್ತೆ ಕೊಯ್ಯಬಹುದು. ಅರ್ಕ ಅನಾಮಿಕ ಬೆಂಡೆಯನ್ನು ಎಲೆ ಹಳದಿಯಾಗುವ ನಂಜು ರೋಗ ತಡೆಯಲೆಂದೇ ಬೆಳೆಸಿದ್ದು. ಅರ್ಕ ರಕ್ಷಕ್ ಟೊಮೆಟೊ ಹೈಬ್ರಿಡ್, ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗಿಡ ಬರುವುದಿಲ್ಲ. ಬಳ್ಳಿ ತರಕಾರಿಯನ್ನು ಮಡಿಯ ಉತ್ತರದ ತುದಿಗೆ ಹಾಕಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ವಾ, ಚಪ್ಪರದ ನೆರಳು ಉಳಿದ ಗಿಡಗಳ ಮೇಲೆ ಬೀಳಬಾರದು.

ಜೀವಾಮೃತ (ಸಗಣಿ, ಗಂಜಲ ಕಲಸಿದ ನೀರು ಗೊಬ್ಬರ) ಮಾಡುವವರು ಎಕರೆಗೆ ಹೇಳುವ 200 ಲೀಟರ್ ಲೆಕ್ಕವನ್ನು ಹತ್ತನೇ ಒಂದು ಮಾಡಿಕೊಳ್ಳಿ: 20 ಲೀಟರ್ ನೀರಿಗೆ ಒಂದು ಕೆಜಿ ನಾಟಿ ಹಸುವಿನ ಸಗಣಿ, ಅರ್ಧದಿಂದ ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಬೆಳಗ್ಗೆ ಸಂಜೆ ತಿರುಗಿಸಿ. ಒಂದೇ ಮಡಿ ಇರುವವರಿಗೆ ಇದೂ ಜಾಸ್ತಿಯೇ, ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಹಾಕಿ ಇಲ್ಲವೇ ಪಕ್ಕದ ಮನೆಯವರಿಗೆ ಕೊಡಿ.

ಬೆಟ್ಟಕ್ಕೆ ಹೋಗುವ ಮುನ್ನಾದಿನ ಮಡಿಗೆ ಮಾಡಬೇಕಾದ್ದು ಒಂದೇ, ಮುಚ್ಚಿಗೆ. ಒಣ ಹುಲ್ಲು, ಹೊಂಗೆ ಎಲೆ, ರಸ್ತೆ ಬದಿ ಗುಡಿಸಿ ಸುಡಲು ಇಟ್ಟ ತರಗೆಲೆ, ಯಾವುದಾದರೂ ಸರಿ, ಎರಡು ಇಂಚು ದಪ್ಪ ಗಿಡದ ಬುಡಕ್ಕೆ ತಾಗದ ಹಾಗೆ ಹರಡಿ. ಸಂಜೆ ಒಂದು ಬಕೆಟ್ ನೀರು ಹಾಕಿ ಹೊರಟರೆ ಚಳಿಗಾಲದಲ್ಲಿ ಎರಡು ದಿನಕ್ಕೆ ಚಿಂತೆ ಇಲ್ಲ. ನೀರು ಬೇಕಾ ಬೇಡವಾ ಅಂತ ಗೊತ್ತಾಗದಿದ್ದರೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿದರೆ ಬೇಡ.

ಯಾವ ಬೆಟ್ಟ?

ಮೊದಲ ಬೆಟ್ಟಕ್ಕೆ ಶಿವಗಂಗೆ ಹೋಗಿ. ದಾಬಸ್‌ಪೇಟೆ ಹತ್ತಿರ, ತುಮಕೂರು ರಸ್ತೆಯಿಂದ ಒಳಗೆ. ಮೆಟ್ಟಿಲಿದೆ, ಕಡಿದಾದ ಕಡೆ ಕಂಬಿ ಇದೆ, ದಾರಿಯುದ್ದಕ್ಕೂ ಜನ ಇರುತ್ತಾರೆ. ಒಳಕಲ್ಲು ತೀರ್ಥ ದಾಟಿ ಮೇಲಿನ ನಂದಿವರೆಗೆ ಹತ್ತಿದರೆ ನಿಮ್ಮ ಮಂಡಿ ಎಂಥದ್ದು ಅಂತ ನಿಮಗೇ ಗೊತ್ತಾಗುತ್ತದೆ. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ, ಅಲ್ಲಿನ ಕೋತಿಗಳು ಕೇಳಿ ತೆಗೆದುಕೊಳ್ಳುವ ಜಾತಿಯಲ್ಲ.

ಅದು ಸಲೀಸು ಅನಿಸಿದರೆ ದೊಡ್ಡಬಳ್ಳಾಪುರದ ಆಚೆಯ ಮಾಕಳಿದುರ್ಗ. ಕೋಟೆ, ಕೆರೆ, ಕೆಳಗೆ ಬೆಟ್ಟದ ಬುಡ ಸುತ್ತುವ ರೈಲು, ಮೇಲಿಂದ ನೋಡಲು ನನಗೆ ಬಲು ಇಷ್ಟ. ಆದರೆ ಫೋಟೊಗೆ ಅಂತ ಹಳಿ ಮೇಲೆ ನಡೆಯುವವರು ಅಲ್ಲಿ ಜಾಸ್ತಿ. ಅದು ರೈಲ್ವೆ ಕಾಯ್ದೆ ಪ್ರಕಾರ ಅಪರಾಧ, ಮೇಲಾಗಿ ತಿರುವಿನಲ್ಲಿ ರೈಲು ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಮಾಗಡಿಯ ಸಾವನದುರ್ಗ ಬೇರೆ ಲೆಕ್ಕ. 1,226 ಮೀಟರ್ ಎತ್ತರ, ಕರಿಗುಡ್ಡ ಬಿಳಿಗುಡ್ಡ ಅಂತ ಎರಡು, ಬಹುಪಾಲು ಬೋಳು ಬಂಡೆ. ಏರುವುದಕ್ಕಿಂತ ಇಳಿಯುವುದು ಕಷ್ಟ. ಮಳೆ ಬಿದ್ದ ದಿನ ಪಾಚಿಯ ಮೇಲೆ ಯಾವ ಶೂ ಕೂಡ ಹಿಡಿಯುವುದಿಲ್ಲ, ಆ ದಿನ ಕೆಳಗಿನ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಸ್ಥಾನ ನೋಡಿಕೊಂಡು ವಾಪಸ್ ಬನ್ನಿ. ಬಿಸಿಲಿನ ದಿನವಾದರೆ ಹನ್ನೊಂದರ ಮೇಲೆ ಬಂಡೆ ಕಾದು ಅಂಗೈ ಇಡಲಾಗುವುದಿಲ್ಲ.

ಕಾಡಿನೊಳಗೆ ಹೋಗುವ ದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ತೆಗೆದುಕೊಳ್ಳಬೇಕು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ಸಾಲು ರಜೆಗೆ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಈ ನಿಯಮ ಬಿಗಿಯಾಯಿತು. ಗುರುತಿನ ಚೀಟಿ ಜೊತೆಗಿರಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಕೆಲವು ದಾರಿ ಮುಚ್ಚುತ್ತಾರೆ, ಹೊರಡುವ ಮೊದಲು ನೋಡಿಕೊಳ್ಳಿ. ಸೂರ್ಯೋದಯ ತೋರಿಸುತ್ತೇವೆ ಅಂತ ಅನುಮತಿ ಇಲ್ಲದೆ ಕತ್ತಲಲ್ಲಿ ಕರೆದೊಯ್ಯುವವರ ಜೊತೆ ಹೋಗಬೇಡಿ. ರಾಮನಗರ, ಮಾಗಡಿ, ದೇವರಾಯನದುರ್ಗ ಕಡೆಯ ಕಾಡಲ್ಲಿ ಕರಡಿ, ಚಿರತೆ ಎರಡೂ ಇವೆ, ಅವು ಓಡಾಡುವ ಹೊತ್ತೂ ಅದೇ.

ಗಂಟೆ ಲೆಕ್ಕ

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಒಂದು ಸುಲಭದ ಲೆಕ್ಕ ಹೇಳಿದ, ಈಗಲೂ ಅದೇ ನಡೆಯುತ್ತಿದೆ. ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೋಗಿ ಬರಲು ಆರು ಕಿಲೋಮೀಟರ್, ಏರು 400 ಮೀಟರ್ ಅಂತಿಟ್ಟುಕೊಳ್ಳಿ. ನಡಿಗೆಗೆ ಒಂದು ಗಂಟೆ ಹನ್ನೆರಡು ನಿಮಿಷ, ಏರಿಗೆ 40 ನಿಮಿಷ, ಒಟ್ಟು ಎರಡು ಗಂಟೆ ಹತ್ತಿರ. ಇದು ಅಭ್ಯಾಸ ಇರುವವರ ಲೆಕ್ಕ. ಮಕ್ಕಳು, ಫೋಟೊ, ತಿಂಡಿ, ‘ಐದು ನಿಮಿಷ ಕೂರೋಣ’ ಎಲ್ಲ ಸೇರಿ ಎರಡು ಪಟ್ಟು ಹಿಡಿಯಿರಿ, ನಾಲ್ಕು ಗಂಟೆ. ಬೆಳಗ್ಗೆ ಏಳಕ್ಕೆ ಶುರು ಮಾಡಿದರೆ ಬಿಸಿಲು ಏರುವ ಹೊತ್ತಿಗೆ ಕೆಳಗಿರುತ್ತೀರಿ.

ಇನ್ನೊಂದು, ವಾಪಸ್ ತಿರುಗುವ ಹೊತ್ತನ್ನು ಹತ್ತುವ ಮೊದಲೇ ಎಲ್ಲರ ಮುಂದೆ ಹೇಳಿಬಿಡಿ. ‘ಹತ್ತು ಗಂಟೆಗೆ ಎಲ್ಲಿದ್ದರೂ ತಿರುಗೋಣ’ ಅಂತ. ತುದಿ ಕಾಣುತ್ತಾ ಇದ್ದಾಗ ವಾಪಸ್ ಬರೋಣ ಅನ್ನುವುದು ಯಾರಿಗೂ ಇಷ್ಟವಿಲ್ಲದ ಮಾತು, ಅದಕ್ಕೇ ಅದನ್ನು ಬುಡದಲ್ಲೇ ಮುಗಿಸಬೇಕು. ಮಧ್ಯಾಹ್ನ ಹೊರಡುವವರಿಗಂತೂ ಇದು ಇನ್ನೂ ಮುಖ್ಯ, ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಆರರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ.

ಚೀಲದಲ್ಲಿ

ನೀರು ತಲೆಗೆ ಎರಡು ಲೀಟರ್, ಬಿಸಿಲಿದ್ದರೆ ಮೂರು. ಅರ್ಧ ಖಾಲಿಯಾಯಿತು ಅಂದರೆ ಎಲ್ಲೇ ಇದ್ದರೂ ತಿರುಗುವ ಹೊತ್ತಾಯಿತು ಅಂತ ತಿಳಿಯಿರಿ. ಒಆರ್‌ಎಸ್ ಪೊಟ್ಟಣ ಎರಡು. ಊಟಕ್ಕೆ ಪುಳಿಯೋಗರೆ, ಚಪಾತಿ–ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ. ಟೋಪಿ, ಟಾರ್ಚ್, ಒಂದು ಶಿಳ್ಳೆ, ಬ್ಯಾಂಡೇಜ್ ಬಟ್ಟೆ. ಹೊಸ ಶೂ ಹಾಕಿಕೊಂಡು ಬೆಟ್ಟಕ್ಕೆ ಬರಬೇಡಿ, ಒಂದು ವಾರ ಮನೆ ಸುತ್ತ ಓಡಾಡಿ ಪಳಗಿಸಿ. ತಂದದ್ದೆಲ್ಲದರ ಕವರು, ಬಾಟಲಿ ವಾಪಸ್ ಬರಬೇಕು. ಬೆಟ್ಟದಿಂದ ಮಾತ್ರ ಏನನ್ನೂ ತರಬೇಡಿ. ಕಾಡಿನ ಕಪ್ಪು ಮಣ್ಣು ನೋಡಿ ಮಡಿಗೆ ಒಂದು ಚೀಲ ಅಂತ ಆಸೆ ಆಗುತ್ತದೆ, ಅದು ಕಾನೂನಿಗೂ ಒಪ್ಪುವುದಿಲ್ಲ, ಕಾಡಿಗೂ ಒಳ್ಳೆಯದಲ್ಲ.

ಬಂಡೆಯ ಅಡಿಯಲ್ಲಿ ಹೆಜ್ಜೇನು ಗೂಡಿದ್ದರೆ ಸದ್ದು ಮಾಡದೆ ದಾಟಿ. ಹೊಗೆ, ಬೀಡಿ–ಸಿಗರೇಟು, ಸೆಂಟು ಎಲ್ಲ ಅವಕ್ಕೆ ಆಗುವುದಿಲ್ಲ. ಎದ್ದು ಬಂದವೋ, ಮುಖ ಮುಚ್ಚಿಕೊಂಡು ದೂರ ಓಡಿ, ಕೈ ಬೀಸುತ್ತಾ ನಿಲ್ಲಬೇಡಿ. ಆದರೆ ಬಂಡೆ ಅಂಚಿನ ಕಡೆಗೆ ಓಡಬೇಡಿ. ಹಾವು ಕಚ್ಚಿದರೆ ಕಟ್ಟು ಹಾಕುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈ ಅಥವಾ ಕಾಲು ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಸಾಗಿಸಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಏಪ್ರಿಲ್–ಮೇನಲ್ಲಿ ಮಧ್ಯಾಹ್ನ ಗುಡುಗು ಕೇಳಿದರೆ ಬೋಳು ಬಂಡೆ ಬಿಟ್ಟು ಕೂಡಲೇ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಮಲೆನಾಡಿನ ಕಡೆ ಹೋಗುವವರಿಗೆ ಮಳೆಗಾಲದಲ್ಲಿ ಇಂಬಳ (ಜಿಗಣೆ), ಅದಕ್ಕೆ ಉಪ್ಪು ಸಾಕು. ಚಳಿಗಾಲದಿಂದ ಬೇಸಿಗೆವರೆಗೆ ದನ, ನಾಯಿ ಮೈಗೆ ಕಚ್ಚಿಕೊಳ್ಳುವಂಥ ಉಣುಗು, ಅದು ಸುಮ್ಮನೆ ಬಿಡುವ ವಿಷಯವಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಉದ್ದ ತೋಳಿನ ಅಂಗಿ, ಸಾಕ್ಸ್ ಒಳಗೆ ಸೇರಿಸಿದ ಪ್ಯಾಂಟು, ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗಿ ಬಂದ ಒಂದೆರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ.

ಹೊರಡುವ ಮೊದಲು ಮನೆಯಲ್ಲಿ ಉಳಿಯುವವರಿಗೆ ಮೂರು ವಿಷಯ ಬರೆದುಕೊಡಿ: ಯಾವ ಬೆಟ್ಟ, ಯಾವ ಕಡೆಯಿಂದ ಹತ್ತುವುದು, ಎಷ್ಟು ಗಂಟೆಯ ಒಳಗೆ ಫೋನ್ ಬರದಿದ್ದರೆ ಹುಡುಕಲು ಶುರು ಮಾಡಬೇಕು. ವಾಟ್ಸ್ಆಪ್‌ನಲ್ಲಿ ಲೊಕೇಶನ್ ಕಳಿಸಿದ್ದೇನೆ ಅಂತ ನಂಬಿ ಕೂರಬೇಡಿ, ಬೆಟ್ಟದ ಹಿಂಬದಿಯಲ್ಲಿ ನೆಟ್‌ವರ್ಕ್ ಇರುವುದೇ ಇಲ್ಲ. ಬಸ್ಸಲ್ಲಿ ಹೋಗುವವರು ಇಳಿದ ಕೂಡಲೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ ಎಷ್ಟು ಹೊತ್ತಿಗೆ, ಕೊನೆಯದು ಯಾವುದು ಅಂತ ಕೇಳಿಕೊಳ್ಳಿ. ಊರವರನ್ನೂ ಒಂದು ಮಾತು ಕೇಳಿ, ಭಾನುವಾರದ ಬಸ್ಸಿನ ನಿಜವಾದ ಸಮಯ ಗೊತ್ತಿರುವುದು ಅವರಿಗೇ.